ಸಹಿಯಿಲ್ಲದ ಗೋಡೆ

ಖಲೀಲ್ ಸಾಬರು ಬರೆದ ಬೋರ್ಡುಗಳಲ್ಲಿ ಎರಡು ಜಾತಿ. ಬಲಮೂಲೆಯಲ್ಲಿ 'ಖಲೀಲ್, ಗುಬ್ಬಿ' ಎಂಬ ಸಣ್ಣ ಸಹಿ ಇರುವುದು ಒಂದು, ಇಲ್ಲದಿರುವುದು ಇನ್ನೊಂದು. ಬರೆದ ಮಾತು ನಿಜವೆಂದು ಖಾತ್ರಿಯಾಗದೆ ಅವರು ಸಹಿ ಹಾಕುತ್ತಿರಲಿಲ್ಲ. "ಒಂದ್ಸಲ ಟ್ಯಾಂಕಿನ ಮೇಲೆ 'ಕುಡಿಯುವ ನೀರು' ಅಂತ ಬರ್ದೆ ಮೇಡಂ. ಅದನ್ನ ಕುಡ್ದು ನನ್ ತಂಗೀನೇ ಆಸ್ಪತ್ರೆ ಸೇರಿದ್ಲು. ಅವತ್ತಿಂದ ಯಾರನ್ನೂ ನಂಬಲ್ಲ, ನನ್ ಬ್ರಶ್ಶನ್ನೂ ನಂಬಲ್ಲ" ಎನ್ನುತ್ತಿದ್ದರು.

ಎರಡು ಸಾವಿರದ ಇಸವಿಯ ಆಚೀಚಿನ ಮಾತು. ತುಮಕೂರಿನ ಸದಾಶಿವನಗರದಲ್ಲಿ, ಹೊರದೇಶದ ದುಡ್ಡಿನಲ್ಲಿ ಕಾಡು ಬೆಳೆಸುವ ಸಂಸ್ಥೆಯೊಂದರಲ್ಲಿ ನಾನು ಟೈಪಿಸ್ಟ್. ಗಿಡಗಳು ಗಾಳಿಯ ಹೊಗೆ ಹೀರುತ್ತವೆ, ಅದಕ್ಕೇ ಹಣ ಬರುತ್ತದೆ ಎಂದು ವಿವರಿಸಿದರೆ, ನಮ್ಮ ಬೋರ್ಡು ಬರೆಯಲು ಬರುತ್ತಿದ್ದ ಸಾಬರು ಹುಬ್ಬು ಗಂಟಿಕ್ಕಿದರು.

"ಅಲ್ಲಿ ಹೊಗೆ ಬಿಟ್ಟು ಇಲ್ಲಿ ಗಿಡಕ್ಕೆ ದುಡ್ಡು ಕೊಡ್ತಾರಾ? ಗಿಡ ಐತೋ ಇಲ್ವೋ ನೋಡೋಕೆ ಯಾರು ಬತ್ತಾರೆ?"

"ರಿಪೋರ್ಟ್ ಹೋಗುತ್ತೆ ಸಾಬ್ರೇ."

"ಬರೆಯೋರು ಯಾರು?"

"ಟೈಪ್ ಮಾಡೋದು ನಾನೇ."

"ನೀವು ಗಿಡ ನೋಡಿದೀರಾ?"

ನಾನು ಒಂದನ್ನೂ ನೋಡಿರಲಿಲ್ಲ.

ಸಿ.ಎಸ್. ಪುರದ ಹತ್ತಿರದ ಗುಡ್ಡಕ್ಕೆ ಬೋರ್ಡು ಬೇಕಾಗಿತ್ತು. 'ಇಲ್ಲಿ ಇಪ್ಪತ್ತು ಸಾವಿರ ಸಸಿ ನೆಡಲಾಗಿದೆ' ಎಂದು ಬರೆಯಬೇಕು. ಸಾಬರು ನನ್ನನ್ನೂ ಬಸ್ಸು ಹತ್ತಿಸಿಕೊಂಡು ಹೊರಟರು. ರಸ್ತೆಯುದ್ದಕ್ಕೆ ಮೂರು ಸಾಲು ಗಿಡ ಚೆನ್ನಾಗಿಯೇ ನಿಂತಿದ್ದವು. ಅವುಗಳ ಹಿಂದೆ ಹುಲ್ಲು ಮುಚ್ಚಿದ ಖಾಲಿ ಗುಂಡಿಗಳು, ಜಾಲಿ ಮುಳ್ಳು. ಸಾಬರು ಗಿಡ ಮುಟ್ಟಿ ಮುಟ್ಟಿ ಎಣಿಸಿದರು. ನಾನೂರು ದಾಟಲಿಲ್ಲ. ಗುಡ್ಡದ ನೆತ್ತಿಯಲ್ಲಿ ಇಬ್ಭಾಗವಾದ ಬಂಡೆಯೊಂದಿತ್ತು. ಕುಣಿಗಲ್ ತಾಲ್ಲೂಕಿನ ಯಡಿಯೂರು ಕಡೆಯ ನೆಡುತೋಪು ಎಂದು ನಾನು ರಿಪೋರ್ಟಿಗೆ ಅಂಟಿಸಿದ್ದ ಫೋಟೋದಲ್ಲೂ ಇದೇ ಬಂಡೆ ಇತ್ತು.

ಬಸ್ಸಿನಲ್ಲಿ ವಾಪಸಾಗುವಾಗ ಸಾಬರು ನನ್ನ ಪಕ್ಕ ಕೂರಲಿಲ್ಲ. ನಾನೂ ಆ ಮೋಸದಲ್ಲಿ ಪಾಲುದಾರಳೆಂದೇ ಅವರ ಲೆಕ್ಕ.

ಸಂಖ್ಯೆಯ ಜಾಗ ಖಾಲಿ ಬಿಟ್ಟೇ ಅವರು ಬೋರ್ಡು ತಂದರು.

"ಏನ್ರೀ, ನಂಬರ್ ಎಲ್ಲಿ?" ಮ್ಯಾನೇಜರ್ ರೇಗಿದರು.

"ಜಾಗ ಬಿಟ್ಟಿದೀನಿ ಸಾರ್. ತಗೊಳಿ ಬ್ರಶ್ಶು, ನೀವೇ ಬರೀರಿ."

ಮ್ಯಾನೇಜರ್ ಬ್ರಶ್ಶು ಮುಟ್ಟಲಿಲ್ಲ. ಬೇರೊಬ್ಬ ಪೇಂಟರ್‌ನಿಂದ ಬರೆಸಿದರು.

ಮನೆ ನಡೆಯುತ್ತಿದ್ದದ್ದು ನನ್ನ ಸಂಬಳದಲ್ಲಿ. ಆದರೂ ಒಂದು ವಾರದ ಮೇಲೆ ರಿಪೋರ್ಟಿನ ಕನ್ನಡ ಪ್ರತಿಯೊಂದನ್ನು ಗುಬ್ಬಿಗೆ ಒಯ್ದು ಸಾಬರ ಕೈಗಿಟ್ಟೆ. ಅವರು ಅದನ್ನು ಹಿಂದೆ ಮುಂದೆ ತಿರುಗಿಸಿ ನೋಡಿ, "ಇದು ಒರಿಜಿನಲ್ಲೇ ತಾನೇ?" ಎಂದರು. ಆಮೇಲೆ ಗುಡ್ಡದ ಕೆಳಗಿನ ಊರಿನ ಹಾಲಿನ ಡೇರಿಯವರನ್ನು ಒಪ್ಪಿಸಿ, ಅವರ ಗೋಡೆಯ ತುಂಬ ಅದನ್ನು ಬರೆದರು: ಯಾವ ಗಿಡ, ಎಷ್ಟು, ಎಲ್ಲಿ, ಯಾರಿಗೆ ಕೂಲಿ. ಕೊನೆಯಲ್ಲಿ, 'ಇದು ನಕಲು. ನಿಜವೋ ಸುಳ್ಳೋ ನೀವೇ ನೋಡಿಕೊಳ್ಳಿ.' ಸಹಿ ಇರಲಿಲ್ಲ.

ಹಾಲು ಹಾಕಲು ಬಂದವರು ನಿಂತು ಓದಿದರು. "ಲೇ, ಕೂಲಿ ಲಿಸ್ಟಲ್ಲಿ ನನ್ ಹೆಸ್ರೈತೆ! ಆ ವರ್ಷ ನಾನು ಕಾಲು ಮುರ್ಕಂಡು ಮನೇಲಿ ಬಿದ್ದಿದ್ದೆ ಕಣ್ಲಾ!" ಎಂದು ಒಬ್ಬ ಕೂಗಿದ.

ಮ್ಯಾನೇಜರ್ ಗುಬ್ಬಿಗೇ ಹೋಗಿ, ಕಾಗದ ಯಾರು ಕೊಟ್ಟರು ಎಂದು ಕೇಳಿದರಂತೆ. "ಗಾಳೀಲಿ ಹಾರ್ಕಂಡು ಬಂತು ಸಾರ್" ಎಂದರಂತೆ ಸಾಬರು. ನನ್ನ ಹೆಸರು ಅವರ ಬಾಯಿಂದ ಎಂದೂ ಹೊರಬರಲಿಲ್ಲ.

ಊರಿನವರ ಅರ್ಜಿ ದುಡ್ಡು ಕೊಟ್ಟವರನ್ನು ತಲುಪಿತು. ಅವರು ಬಂದು ಗುಡ್ಡ ಹತ್ತಿದರು. ಹಣ ನಿಂತಿತು, ಆಫೀಸಿಗೆ ಬೀಗ ಬಿತ್ತು. ಗಿಡಕ್ಕೆ ನೀರು ಹಾಕುತ್ತಿದ್ದ ನಾಲ್ಕು ಹೆಂಗಸರ ಕೂಲಿಯೂ ಹೋಯಿತು. ಅವರಲ್ಲೊಬ್ಬಳು ಗುಬ್ಬಿ ಸಂತೆಯಲ್ಲಿ, "ಕಳ್ರು ಓಡೋದ್ರು, ನಮ್ಮ ಅನ್ನ ನೀನು ಕಿತ್ಕಂಡೆ" ಎಂದು ಸಾಬರ ಮುಖಕ್ಕೇ ಬೈದಳಂತೆ.

ನಾಲ್ಕೈದು ವರ್ಷದ ಮೇಲೆ ತುಮಕೂರು ಬಸ್‌ಸ್ಟ್ಯಾಂಡಿನಲ್ಲಿ ಸಿಕ್ಕರು. ಫ್ಲೆಕ್ಸ್ ಬಂದು ಕೆಲಸ ಕಮ್ಮಿಯಾಗಿತ್ತು, ಮೈ ಇಳಿದಿತ್ತು. ಒಳ್ಳೆಯ ಕೆಲಸ ಮಾಡಿದಿರಿ ಎಂದೆ.

"ಒಳ್ಳೇದೋ ಕೆಟ್ಟದ್ದೋ ನಂಗೂ ಡೌಟೇ ಮೇಡಂ. ನೀರಿಲ್ದೆ ಅರ್ಧ ಗಿಡ ಒಣಗೋದ್ವು. ಮಿಕ್ಕಿದ್ದಕ್ಕೆ ಆ ಹೆಂಗಸ್ರೇ ಬಿಟ್ಟಿ ಬಿಂದಿಗೆ ಹೊರ್ತಾವ್ರೆ. ಭಾನುವಾರ ನಾನೂ ಹೋಗ್ತೀನಿ. ಬರ್ತೀರಾ?"

"ಬರ್ತೀನಿ" ಎಂದೆ. ಅವರು ನಂಬಲಿಲ್ಲವೆಂದು ಮುಖ ನೋಡಿದರೇ ಗೊತ್ತಾಗುತ್ತಿತ್ತು. ಆ ಭಾನುವಾರ ನಾನು ಹೋಗಲಿಲ್ಲ. ಮುಂದಿನ ಭಾನುವಾರವೂ ಹೋಗಲಿಲ್ಲ. ಹೋದದ್ದು ಅವರು ತೀರಿಕೊಂಡ ಸುದ್ದಿ ಬಂದಾಗ, ಅದೂ ಗುಡ್ಡಕ್ಕಲ್ಲ, ಗುಬ್ಬಿಯ ಅವರ ಮನೆಗೆ.