ಐದೇಟು

ಗುರುವಾರ ಬೆಳಗ್ಗೆ ಒಂಬತ್ತೂ ಮುಕ್ಕಾಲು. ಮಧುಗಿರಿ ಬಸ್ ನಿಲ್ದಾಣದ ಹತ್ತಿರದ ಫ್ಲೆಕ್ಸ್ ಅಂಗಡಿ. ಇದ್ದವರು ಮೂವರು: ಅಂಗಡಿಯವನು, ಮಿಡಿಗೇಶಿ ಕಡೆಯಿಂದ ಕುರಿ ಹಟ್ಟಿ ಬಿಟ್ಟು ಬಂದಿದ್ದ ಒಬ್ಬಾತ, ಮತ್ತು ಆತ ಕರೆದನೆಂದು ಬಂದಿದ್ದ ನಾನು. ಆತನ ಅಣ್ಣ ಹೃದಯಾಘಾತದಿಂದ ತೀರಿಕೊಂಡು ಒಂಬತ್ತು ದಿನವಾಗಿತ್ತು. ಹನ್ನೊಂದನೆಯ ದಿನದ ಕಾರ್ಯಕ್ಕೆ ಶ್ರದ್ಧಾಂಜಲಿಯ ಫ್ಲೆಕ್ಸ್ ಆಗಬೇಕಿತ್ತು. ಫೋಟೊ ಕೊಡಲೆಂದು ಈ ತಮ್ಮ ತನ್ನ ಪ್ಲಾಸ್ಟಿಕ್ ಕವರನ್ನು ಬೋರಲು ಹಾಕಿದಾಗ, ನಾಲ್ಕಾಗಿ ಮಡಿಸಿದ ಒಂದು ಜೆರಾಕ್ಸ್ ಹಾಳೆಯೂ ಬಿತ್ತು.

"ಇದೇನ್ ಸಾ? ಅಣ್ಣನ್ ಪೆಟ್ಟಿಗೇಲಿತ್ತು. ಮಾರ್ಕ್ಸ್ ಕಾರ್ಡಾ?"

ಆ ಜೆರಾಕ್ಸ್ ಮಾಡಿಸಿದವನೇ ನಾನು. ಬಿಡಿಸಿ ನೋಡಿದೆ. ಹದಿನಾಲ್ಕನೆಯ ಮನೆಯಲ್ಲಿ ಬರೆದಿದ್ದ ಎಂಟು, ಮಡಿಕೆಯ ಗೆರೆಗೆ ಸಿಕ್ಕಿ ಅರ್ಧ ಮಾಸಿತ್ತು...

ಸೈನ್ಯದಲ್ಲಿ ಹದಿನೇಳು ವರ್ಷ ಮುಗಿಸಿದ ಮೇಲೆ ನಾನು ಬೆಂಗಳೂರಿನ ಒಂದು ಗಾಲ್ಫ್ ಕ್ಲಬ್ಬಿನಲ್ಲಿ ಕ್ಯಾಡಿಗಳ ಉಸ್ತುವಾರಿ ನೋಡಿಕೊಳ್ಳುತ್ತಿದ್ದೆ. ಹದಿನೆಂಟು ಹೋಲ್‌ಗಳ, ಅಂದರೆ ಕುಳಿಗಳ ಮೈದಾನದಲ್ಲಿ ಆಡುವವರ ಚೀಲ ಹೊತ್ತು ಜೊತೆಗೆ ನಡೆಯುವವರು ಕ್ಯಾಡಿಗಳು. ಐದೂವರೆಗೆ ಹಾಜರಿ, ಐದೂ ಮುಕ್ಕಾಲಿಗೆ ಉಗುರು ಮತ್ತು ಬೂಟಿನ ತಪಾಸಣೆ, ಆರಕ್ಕೆ ಮೊದಲ ತಂಡ. ಈಗ ತೀರಿಕೊಂಡ ಆ ಅಣ್ಣ ಕೆಲಸ ಕೇಳಿಕೊಂಡು ಬಂದಾಗ ಇಪ್ಪತ್ತು ದಾಟಿದ್ದ. ಬಾಯಿ ತೆರೆದ ಕೂಡಲೇ ನಮ್ಮ ಸೀಮೆಯವನೆಂದು ತಿಳಿಯಿತು.

"ಅದ್ನೆಂಟು ಓಲೂ ಒಂದೇ ಗಳ್ಗೇಲಿ ಸುತ್ತಾಕ್ಕೊಂಡ್ ಬತ್ತೀನಿ ಸಾ. ನಮ್ ಕುರಿ ಹಿಂದೆ ಇದ್ಕಿಂತ ದೂರ ಓಡಿವ್ನಿ."

ಕ್ಯಾಡಿಗಳೆಲ್ಲ ನಕ್ಕರು. ನಾನು ನಗಲಿಲ್ಲ, ಹಾಜರಿ ಪುಸ್ತಕದಲ್ಲಿ ಹೆಸರು ಬರೆದುಕೊಂಡೆ. ಸೋಮವಾರ ಸದಸ್ಯರಿಗೆ ರಜೆ. ಅಂದು ಕ್ಯಾಡಿಗಳು ಆಡಬಹುದಿತ್ತು. ಯಾರೋ ಎಸೆದಿದ್ದ ಹಳೆಯ ಗಾಲ್ಫ್ ಕೋಲು ಹಿಡಿದು ಅವನು ಆಡತೊಡಗಿದ. ಮೂರು ವರ್ಷಕ್ಕೆ ಕ್ಲಬ್ಬಿನಲ್ಲಿ ಅವನನ್ನು ಸೋಲಿಸುವವರಿರಲಿಲ್ಲ. ಆಮೇಲೆ ಆಟವನ್ನೇ ವೃತ್ತಿಯಾಗಿ ಹಿಡಿದ.

ಅವನ ಕೈಯಲ್ಲಿ ನಾನು ತಿದ್ದಬೇಕಾದದ್ದು ಏನೂ ಇರಲಿಲ್ಲ. ಮಾತನ್ನು ತಿದ್ದಲು ಹೊರಟೆ. ನನ್ನ ನಾಲಗೆಯ ಮೇಲಿದ್ದ ಮಧುಗಿರಿಯನ್ನು ಸೈನ್ಯದಲ್ಲಿ ತಿಕ್ಕಿ ತೊಳೆದಿದ್ದರು. ಅದರಿಂದ ನನಗೆ ಒಳ್ಳೆಯದೇ ಆಯಿತೆಂದು ನಂಬಿದ್ದೆ. ದಿನವೂ ಹಾಜರಿಯ ನಂತರ ಹತ್ತು ನಿಮಿಷ ಹೇಳಿಸುತ್ತಿದ್ದೆ: ಹೋಲ್, ಹುಲ್ಲು, ಹದಿನೆಂಟು. ವಾರದೊಳಗೆ ಹಕಾರ ಬಂತು, ಬೇಡದ ಕಡೆಗೂ ಬಂತು. "ಇವತ್ತು ಚೆನ್ನಾಗಿ ಹಾಡ್ತೀನಿ ಸಾರ್" ಎಂದ. "ಆಡೋ, ಹಾಡಬೇಡ" ಎಂದು ಗದರಿಸಿದೆ. ಅವನೇ ಹೊಟ್ಟೆ ಹಿಡಿದು ನಕ್ಕ.

ನಮ್ಮ ಕಡೆ ಹೊಡೆತಕ್ಕೆ ಏಟು ಎನ್ನುತ್ತಾರೆ. ಅವನೂ ಮೂರೇಟು, ನಾಲ್ಕೇಟು ಎಂದೇ ಎಣಿಸುತ್ತಿದ್ದ. ಚೆಂಡಿಗೆ ಏಟು ಎಂದರೆ ದನಕ್ಕೆ ಬಡಿದ ಹಾಗೆ ಕೇಳುತ್ತದೆಂದು ಆ ಮಾತನ್ನೂ ಬಿಡಿಸಿದೆ. ಇಂಗ್ಲಿಷಿನಲ್ಲಿ ಬರೀ ಅಂಕೆ ಹೇಳು, ಸಾಕು ಎಂದೆ.

ವೃತ್ತಿಪರರ ವರ್ಷದ ಪಂದ್ಯಗಳಿಗೆಲ್ಲ ಪ್ರವೇಶ ಸಿಗಬೇಕಾದರೆ ಮೊದಲು ಅರ್ಹತಾ ಪಂದ್ಯದಲ್ಲಿ ಪಾಸಾಗಬೇಕು. ನಾಲ್ಕು ದಿನದ ಆಟ. ನಾನು ರಜೆ ಹಾಕಿ ಪ್ರೇಕ್ಷಕರ ಹಗ್ಗದಾಚೆ ಜೊತೆಜೊತೆಗೇ ನಡೆದೆ. ಮೊದಲ ದಿನವೇ ಮೈಕು ಹಿಡಿದವನೊಬ್ಬ ಅವನನ್ನು ನಿಲ್ಲಿಸಿ, "ನಿಮ್ಮ ಹಳ್ಳಿ ಭಾಷೇಲೇ ಮಾತಾಡಿ, ಕುರಿ ಕರೆಯೋದು ಒಂದ್ಸಲ ಮಾಡಿ ತೋರಿಸಿ" ಎಂದ. ಇವನು ಖುಷಿಯಿಂದಲೇ ಕರೆದು ತೋರಿಸಿದ. ಸುತ್ತಲಿದ್ದವರು ನಕ್ಕರು. ಮರುದಿನದಿಂದ ಅವನು ಎಲ್ಲಿ ನಿಂತರೂ ಯಾರಾದರೊಬ್ಬರು ಬ್ಯಾ ಎನ್ನುತ್ತಿದ್ದರು. ನನಗೆ ನಾಚಿಕೆಯಾಯಿತು. ಕೊನೆಯ ದಿನ ಬೆಳಗ್ಗೆ ಹೇಳಿದೆ: "ಆಟ ಮುಗಿದ ಮೇಲೆ ಮೇಜಿನ ಹತ್ತಿರ ಬಾಯಿ ಬಿಡಬೇಡ. ಅಂಕಪಟ್ಟಿಗೆ ಸಹಿ ಹಾಕು, ಎದ್ದು ಬಾ."

ಗಾಲ್ಫಿನಲ್ಲಿ ಒಬ್ಬನ ಅಂಕಪಟ್ಟಿಯನ್ನು ಜೊತೆಯಲ್ಲಿ ಆಡುವವನು ಬರೆಯುತ್ತಾನೆ. ಪ್ರತಿ ಕುಳಿ ಮುಗಿದಾಗ ಎಷ್ಟು ಹೊಡೆತವೆಂದು ಆಡಿದವನು ಬಾಯಲ್ಲಿ ಹೇಳಬೇಕು; ಹೊಡೆತ ಕಡಿಮೆಯಾದಷ್ಟೂ ಮೇಲು. ಕೊನೆಗೆ ಪಟ್ಟಿ ಓದಿ ನೋಡಿ ಸಹಿ ಹಾಕಬೇಕು. ಸಹಿ ಬಿದ್ದ ಮೇಲೆ, ಹೆಚ್ಚು ಬರೆದಿದ್ದರೆ ಆ ಹೆಚ್ಚೇ ಖಾಯಂ.

ಹದಿನಾಲ್ಕನೆಯ ಕುಳಿಯಲ್ಲಿ ಅವನ ಎರಡನೆಯ ಹೊಡೆತಕ್ಕೆ ಚೆಂಡು ಮುಳ್ಳಿನ ಪೊದೆಗೆ ಹೋಯಿತು. ಬರೆಯುವವನು ಉತ್ತರ ಭಾರತದ ಆಟಗಾರ; ಮೈದಾನದ ಆಚೆ ಬದಿಯಲ್ಲಿದ್ದ, ಅವನಿಗೆ ಏನೂ ಕಾಣಲಿಲ್ಲ. ನನಗೆ ಕಂಡಿತು. ಮಂಡಿಯೂರಿ, ಕೋಲನ್ನು ತಿರುವಿ ಹಿಡಿದು, ಒಂದೇ ಹೊಡೆತಕ್ಕೆ ಈಚೆ ತೆಗೆದ. ಇನ್ನೆರಡಕ್ಕೆ ಮುಗಿಸಿದ. ಒಟ್ಟು ಐದು. ಆ ಖುಷಿಯಲ್ಲಿ ನಾನು ಕಲಿಸಿದ್ದೆಲ್ಲ ಮರೆತು ಕೂಗಿದ:

"ಐದೇಟು! ಐದೇಟ್ಗೇ ತಂದ್ಬುಟ್ಟೆ ಕಣ್ ಸಾ!"

ಕನ್ನಡ ಬಾರದ ಆ ಆಟಗಾರನ ಕಿವಿಗೆ ಬಿದ್ದದ್ದು ಇಂಗ್ಲಿಷಿನ ಏಟ್. ಮುಳ್ಳಿನಿಂದ ಬಂದವನಿಗೆ ಎಂಟಾಗಿದ್ದರೆ ಆಶ್ಚರ್ಯವೂ ಇಲ್ಲ. ಎಂಟು ಎಂದು ಬರೆದುಕೊಂಡ.

ಆಟ ಮುಗಿಯಿತು. ಮೇಜಿನ ಪಕ್ಕದಲ್ಲೇ ಮೈಕಿನವನು ಕಾಯುತ್ತಿದ್ದ. ಇವನು ತಲೆ ಬಗ್ಗಿಸಿ ಕುಳಿತು, ನಾನು ಹೇಳಿದ್ದ ಹಾಗೆಯೇ ಬಾಯಿ ಬಿಡದೆ, ಪಟ್ಟಿಯನ್ನು ನೋಡದೆ, ಸಹಿ ಹಾಕಿ ಎದ್ದು ಬಂದ.

ಪಟ್ಟಿಯಲ್ಲಿ ಮೂರು ಹೊಡೆತ ಹೆಚ್ಚು ಬಿದ್ದಿತ್ತು, ಎರಡು ಹೊಡೆತದಿಂದ ಹೊರಗುಳಿದ. ಫಲಕದ ಮೇಲೆ ಎಂಟು ಕಂಡ ಕೂಡಲೇ ನಾನು ಓಡಿದೆ. ಬರೆದವನನ್ನು ಕರೆತಂದೆ. ಪಾಪ, ಅವನು ಕೈಮುಗಿದು ತನ್ನದೇ ತಪ್ಪೆಂದ. ಅಧಿಕಾರಿ ನಿಯಮದ ಪುಸ್ತಕ ತೆಗೆದು ನನ್ನ ಮುಂದಿಟ್ಟರು. ನನಗೆ ಬಾಯಿಪಾಠವಾಗಿದ್ದ ಸಾಲು ಅದು. ಎಷ್ಟೋ ಸೋಮವಾರ ಅದೇ ಸಾಲನ್ನು ಕ್ಯಾಡಿಗಳ ಮುಖದ ಮೇಲೆ ಹೇಳಿದ್ದವನು ನಾನು. ಏನೆಂದು ವಾದಿಸಲಿ? ಪಟ್ಟಿಯದೊಂದು ಜೆರಾಕ್ಸ್ ಕೊಡಿ ಎಂದೆ, ಅಷ್ಟೇ. ಯಾಕೆ ಕೇಳಿದೆನೋ, ಅದನ್ನು ಅವನೇ ನಾಲ್ಕಾಗಿ ಮಡಿಸಿ ಇಟ್ಟುಕೊಂಡ...

ಕುರಿ ಎಣಿಸಿದವನಿಗೆ ಹೊಡೆತ ಎಣಿಸಲು ಬರಲಿಲ್ಲ ಎಂದು ಮರುದಿನ ಒಂದು ಪತ್ರಿಕೆ ತಮಾಷೆಯಾಗಿ ಬರೆಯಿತು. ಅದನ್ನು ಅವನೇ ನನಗೆ ಓದಿ ಹೇಳಿದ.

"ನಮ್ಮವ್ವ ಕತ್ಲಲ್ಲಿ ಮೈ ಮುಟ್ಟೇ ಕುರಿ ಎಣ್ಸೋಳು ಸಾ. ಒಂದ್ ಮರಿ ತಪ್ತಿರ್ಲಿಲ್ಲ."

ಮುಂದಿನ ವರ್ಷ ಮತ್ತೆ ಆಡು ಎಂದೆ. "ಬಾಯ್ ತೆಗುದ್ರೆ ಇಂಗೆ, ಮುಚ್ಚುದ್ರೆ ಅಂಗೆ. ಬುಡಿ ಸಾ" ಎಂದು ಊರಿಗೆ ಹೋದ.

ನಾನು ನಿವೃತ್ತನಾಗಿ ಮಧುಗಿರಿಗೆ ಬಂದ ಮೇಲೆ ಒಮ್ಮೆ ಅವನನ್ನು ಹುಡುಕಿಕೊಂಡು ರಾಯಚರ್ಲು ಕಡೆಗೆ ಹೋಗಿದ್ದೆ. ಸೋಲಾರ್ ಹಲಗೆಗಳ ಸಾಲಿನ ನಡುವೆ ಹುಲ್ಲು ಕತ್ತರಿಸುತ್ತಿದ್ದ. ನನ್ನನ್ನು ಕಂಡು, "ಸಾರ್‌ನ ಬಸ್ಸಿಗೆ ಹತ್ತಿಸಿ ಬರ್ತೀನಿ" ಎಂದು ಜೊತೆಯವರಿಗೆ ಹೇಳಿದ. ನಾನು ಕಲಿಸಿದ ಹಕಾರ ಅಲ್ಲಿ ಸ್ವಚ್ಛವಾಗಿತ್ತು.

"'ಹತ್ತಿಸಿ' ಅಂತೆ ಕಣ್ಲಾ! ನಮ್ಮಂಗೆ 'ಅತ್ತಿಸ್ಬುಟ್ಟು' ಅನ್ನಕ್ಕೆ ದೊರೆಗೆ ನಾಲ್ಗೆ ನೋಯ್ತೈತೆ. ಏಮಯ್ಯಾ ಬೆಂಗ್ಳೂರು?" ಎಂದು ಒಬ್ಬ ಕಿಚಾಯಿಸಿದ.

ಅವನು ನಕ್ಕು ನನ್ನ ಜೊತೆ ಹೊರಟ. ಬಸ್ಸು ಬಂದಾಗ ಕೈಯೆತ್ತಿ ನಿಲ್ಲಿಸಿ ನನ್ನನ್ನು ಹತ್ತಿಸಿದ. ಅದೇ ಕೊನೆಯ ಭೇಟಿ...

ಹನ್ನೆರಡೂವರೆಯ ಹೊತ್ತಿಗೆ ಅಂಗಡಿಯವನು ಕಂಪ್ಯೂಟರಿನಲ್ಲಿ ಫ್ಲೆಕ್ಸ್ ಸಿದ್ಧಮಾಡಿದ್ದ. ಫೋಟೊದಲ್ಲಿದ್ದ ಅಣ್ಣನ ಹೆಗಲಿಗೆ ಎಲ್ಲಿಂದಲೋ ತಂದ ಕಂಬಳಿ, ಕೈಗೆ ಗಾಲ್ಫ್ ಕೋಲು, ಹಿಂದೆ ಹಸಿರು ಮೈದಾನದ ತುಂಬ ಕುರಿಗಳು.

"ಕಂಬಳಿ, ಕುರಿ ಎಲ್ಲ ತೆಗೆಯಪ್ಪ" ಎಂದೆ.

"ಯಾಕ್ ಸಾ?" ಎಂದ ತಮ್ಮ. ಸಿಟ್ಟಿರಲಿಲ್ಲ, ನಿಜಕ್ಕೂ ಗೊತ್ತಾಗದೆ ಕೇಳಿದ್ದ. "ಕುರಿ ಕಾದೋರೇ ಅಲ್ವಾ ನಾವು? ಅವ್ನೂ ಕಾದೋನೇ. ಇದ್ರಲ್ಲಿ ನಾಚ್ಕೆ ಪಡೋದೇನೈತೆ?"

ಮೈಕಿನವನ ಸುತ್ತ ಜನ ನಕ್ಕದ್ದೂ ಇದೇ ಚಿತ್ರಕ್ಕೆ. ತಮ್ಮ ಹೆಮ್ಮೆಪಡುತ್ತಿದ್ದದ್ದೂ ಇದಕ್ಕೇ. ನಡುವೆ ನಾಚಿಕೊಂಡವನು ನಾನೊಬ್ಬನೇ. ಇರಲಿ ಎಂದೆ.

"ಕೆಳಗೆ ಸಾಧನೆ ಅಂತ ಒಂದ್ ಸಾಲು ಬೇಕು ಸಾರ್" ಎಂದ ಅಂಗಡಿಯವನು.

ತಮ್ಮ ನನ್ನ ಕಡೆ ತಿರುಗಿದ. "ಆ ಪಂದ್ಯದಾಗೆ ಅಣ್ಣ ಪಾಸಾ, ಫೇಲಾ ಸಾ? ಅವ್ನು ಯೋಳ್ನೇ ಇಲ್ಲ. ನಿಮ್ಗೆ ಗೊತ್ತಿರ್ಬೇಕಲ್ಲ."

ನನಗೆ ಗೊತ್ತಿತ್ತು. ಪಾಸು ಎಂದರೆ ಸಹಿ ಬಿದ್ದ ಕಾಗದಕ್ಕೆ ಸುಳ್ಳು. ಫೇಲು ಎಂದರೆ ನನ್ನ ಕಣ್ಣಿಗೆ ಸುಳ್ಳು. "ಐದೇ ಹೊಡೆದಿದ್ದ ಕಣಪ್ಪ" ಎಂದೆ. ತಮ್ಮನಿಗೆ ಅರ್ಥವಾಗಲಿಲ್ಲ. ಜೆರಾಕ್ಸ್ ಹಾಳೆಯನ್ನು ಮತ್ತೆ ನಾಲ್ಕಾಗಿ ಮಡಿಸಿ ಅವನ ಕೈಗೆ ಕೊಟ್ಟೆ. ಅಂಗಡಿಯವನು ಕೀಲಿಮಣೆಯ ಮೇಲೆ ಬೆರಳಿಟ್ಟುಕೊಂಡು ಸ್ವಲ್ಪ ಹೊತ್ತು ಕಾದ. ಆಮೇಲೆ ಊಟಕ್ಕೆ ಹೋಗಬೇಕೆಂದ.

ಮೂರು ಗಂಟೆಗೆ ಫ್ಲೆಕ್ಸ್ ಕೈಗೆ ಬಂತು. ನಾಲ್ಕರ ಬಸ್ಸಿಗೆ ಮಿಡಿಗೇಶಿಗೆ ಹೋದೆವು. ರಸ್ತೆಯ ಬದಿ ಎರಡು ಕಂಬಗಳ ನಡುವೆ ತಮ್ಮ ಮೇಲಿನ ಹಗ್ಗಗಳನ್ನು ಕಟ್ಟಿದ, ಕೆಳಗಿನವನ್ನು ನಾನು ಕಟ್ಟಿದೆ. ಬಗ್ಗಿ ಕಟ್ಟುವಾಗ ನೋಡಿದೆ: ಸಾಧನೆಯ ಸಾಲು ಇರಬೇಕಾಗಿದ್ದ ಜಾಗ ಖಾಲಿ ಕಾಣಬಾರದೆಂದು ಅಂಗಡಿಯವನು ಅಲ್ಲಿ ಇನ್ನೊಂದು ಕುರಿ ಹಾಕಿದ್ದ. ಕೊನೆಯ ಗಂಟು ಬಿಗಿದಾಗ ಐದೂ ಇಪ್ಪತ್ತು.