ದುರುಗತ್ತೆಯ ಮೆಟ್ಟಿನ ಸಪ್ಪಳ

ಹರಳೆಣ್ಣೆ ಕುಡಿದ ತೊಗಲಿಗೆ ತನ್ನದೇ ಆದ ಒಂದು ವಾಸನೆಯಿರುತ್ತದೆ. ಅದು ಹೊಸ ತೊಗಲಿನ ಕಟುವಾದ ನಾತವಲ್ಲ, ಎಣ್ಣೆಯ ಜಿಡ್ಡು ಕಮಟೂ ಅಲ್ಲ. ಎರಡೂ ಬಿಸಿಲಿನಲ್ಲಿ ಬಹಳ ಹೊತ್ತು ಜೊತೆಗಿದ್ದು ಒಂದಾದ, ಕಾದ ಕೆಂಪು ಮಣ್ಣನ್ನು ನೆನಪಿಸುವ ವಾಸನೆ. ಈಚೆಗೆ ಕೊಟ್ಟೂರಿನ ಪೇಟೆಯಲ್ಲಿ, ಅಂಗಡಿ ಸಾಲಿನ ಕೊನೆಗೆ ಕುಳಿತ ಮುದುಕರೊಬ್ಬರು ಹೊಲಿದು ಮುಗಿಸಿದ ಜೋಡಿಗೆ ಬಟ್ಟೆಯ ಚೂರಿನಿಂದ ಎಣ್ಣೆ ತೀಡಿ ಬಿಸಿಲಿಗಿಡುತ್ತಿದ್ದರು. ಆ ವಾಸನೆ ಮೂಗಿಗೆ ತಾಗಿದ್ದೇ ತಡ, ಸುತ್ತಲಿನ ಆಟೋಗಳ ಗದ್ದಲ ದೂರ ಸರಿದು ನಮ್ಮ ಹಳೆಯ ಮಾಳಿಗೆ ಮನೆಯ ತಲೆಬಾಗಿಲು ಕಣ್ಣೆದುರು ಬಂತು. ಬಾಗಿಲಿನ ಬಲಕ್ಕೆ, ನಾಯಿಗೆ ಎಟುಕದಷ್ಟು ಎತ್ತರದಲ್ಲಿ, ಗೋಡೆಯ ಗೂಟಕ್ಕೆ ತೂಗುಹಾಕಿದ ಒಂದು ಜೊತೆ ಕರಿಯ ಮೆಟ್ಟು. ದಪ್ಪ ಅಟ್ಟೆ, ಅಂಚಿಗೆ ಕಬ್ಬಿಣದ ಮೊಳೆ, ಹೆಬ್ಬೆರಳಿಗೊಂದು ಉಂಗುರ. ನೋಡಿದವರು ಅದು ಅಪ್ಪನದೆಂದೇ ತಿಳಿಯುತ್ತಿದ್ದರು. ಅದು ದುರುಗತ್ತೆಯದು.

ಹೊಸಹಳ್ಳಿ ಹೋಬಳಿಯ ನಮ್ಮೂರಿನ ಕೇರಿಯಲ್ಲಿ ಆ ಮನೆ ಈಗಿಲ್ಲ. ತಮ್ಮ ಅದನ್ನು ಕೆಡವಿ ತಾರಸಿ ಮನೆ ಕಟ್ಟಿದ್ದಾನೆ; ಅವನ ಅನುಕೂಲವನ್ನು ನಾನು ದೂರುವುದಿಲ್ಲ. ಆದರೆ ಕಣ್ಣು ಮುಚ್ಚಿದರೆ ನನಗೆ ಕಾಣುವುದು ಅದೇ ಹಳೆಯ ಪಡಸಾಲೆ: ಹೊಗೆ ಹಿಡಿದ ತೊಲೆಗಳು, ಗೋಡೆಯಲ್ಲಿ ಬುದ್ಧನ ಪಟ, ಅದರ ಕೆಳಗೆ ಕುಳಿತು ನನ್ನ ಅಕ್ಕ ಸುಜಾತಾಳ ತಲೆ ಬಾಚುವ ಅವ್ವ, ಕೂಡ್ಲಿಗಿಯ ಕಚೇರಿಯೊಂದರಲ್ಲಿ ಜವಾನರಾಗಿದ್ದು ಸಂಜೆಯ ಬಸ್ಸಿಗೆ ಮರಳುವ ಅಪ್ಪ. ಎಲ್ಲರಿಗಿಂತ ಕೊನೆಗೆ ಹೊಲದಿಂದ ಬರುತ್ತಿದ್ದವಳು ಅಪ್ಪನ ಅಕ್ಕ, ನಮ್ಮ ದುರುಗತ್ತೆ. ಚಿಗಟೇರಿಗೆ ಮದುವೆಯಾಗಿ ಹೋಗಿದ್ದ ಅವಳು ಗಂಡ ಕೈಯೆತ್ತಿದ ಮರುದಿನವೇ ಎದ್ದು ಬಂದಿದ್ದಳಂತೆ. ಬಂದವಳು ಮೂಲೆಯಲ್ಲಿ ಕುಳಿತು ಅಳಲಿಲ್ಲ. ತನ್ನ ಪಾಲಿನ ಹೊಲವನ್ನು ಅಜ್ಜನಿಂದ ಕೇಳಿ ಪಡೆದಳು, ಜೋಡೆತ್ತು ಕಟ್ಟಿದಳು, ಗುಡ್ಡದ ಬುಡದ ಆ ಮುಳ್ಳುಗಾಡನ್ನು ಶೇಂಗಾ ಬೆಳೆಯುವ ನೆಲವಾಗಿಸಿದಳು. ನೆಗ್ಗಿಲ ಮುಳ್ಳಿನ ಆ ನೆಲದಲ್ಲಿ ಬರಿಗಾಲು ನಡೆಯುತ್ತಿರಲಿಲ್ಲ. ಅದಕ್ಕಾಗಿ ಕೊಟ್ಟೂರಿನಲ್ಲಿ ಅಳತೆ ಕೊಟ್ಟು ಆ ಮೆಟ್ಟು ಹೊಲಿಸಿದ್ದಳು. ಅವಳು ಓಣಿಯಲ್ಲಿ ನಡೆದರೆ ಅದು ಕಿರ್ರ್, ಕಿರ್ರ್ ಎಂದು ಸಪ್ಪಳ ಮಾಡುತ್ತಿತ್ತು. ಆ ಸಪ್ಪಳ ಕೇಳಿದ ಕೂಡಲೇ ಅವ್ವ ಒಲೆಯ ಮೇಲೆ ರೊಟ್ಟಿಯ ಹಂಚಿಡುತ್ತಿದ್ದಳು.

ನಮ್ಮ ಓಣಿಗೂ ಊರ ಬಸ್ಸು ನಿಲ್ಲುವ ಜಾಗಕ್ಕೂ ನಡುವೆ, ಬೇವಿನ ಮರದ ಕೆಳಗೆ, ಕೇರಿಯ ಹಿರಿಯರು ಕೂರುವ ಕಟ್ಟೆಯಿತ್ತು. ಅದರ ಮುಂದೆ ಹಾಯುವ ಹೆಂಗಸರು ಕಾಲಿನದನ್ನು ಕಳಚಿ, ಕೈಯಲ್ಲಿ ಹಿಡಿದು, ಸೆರಗಿನಡಿ ಮರೆಮಾಡಿಕೊಂಡು ದಾಟಬೇಕಿತ್ತು. ಯಾರೂ ಬರೆದಿಟ್ಟ ಕಟ್ಟಳೆಯಲ್ಲ ಅದು. ಹಿರಿಯರಿಗೆ ಮರ್ಯಾದೆ ಎಂದು ಅದಕ್ಕೆ ಹೆಸರು. ಇದನ್ನು ಬರೆಯುವಾಗ ನನ್ನ ಸಿಟ್ಟು ಇಂದಿಗೂ ತಣ್ಣಗಾಗಿಲ್ಲ; ಏಕೆಂದರೆ ಅದೇ ಕಟ್ಟೆಯ ಮೇಲೆ ಕುಳಿತು ಹನುಮಂತಜ್ಜ, ಕೇರಿಯ ಹಿರಿಯ, ನಮಗೆ ಮಕ್ಕಳಿಗೆ ಮತ್ತೆ ಮತ್ತೆ ಹೇಳುತ್ತಿದ್ದ ಕಥೆಯೂ ಮೆಟ್ಟಿನದೇ. ಅವನ ಪ್ರಾಯದ ಕಾಲದಲ್ಲಿ ನಮ್ಮ ಕೇರಿಯ ಗಂಡಸರು ಊರ ಗೌಡಿಕೆಯ ಕಟ್ಟೆಯ ಮುಂದೆ ಮೆಟ್ಟು ಕಳಚಿ ತಲೆಯ ಮೇಲಿಟ್ಟುಕೊಂಡು ಹೋಗಬೇಕಿತ್ತು. ಒಂದು ದಿನ ನಮ್ಮ ಅಜ್ಜ, ಹನುಮಂತಜ್ಜ ಮತ್ತು ಜೊತೆಗಾರರು ಮೆಟ್ಟಿಕೊಂಡೇ ನಡೆದರು. ಕಲ್ಲು ಬಿದ್ದವು; ಅವರು ನಿಲ್ಲಲಿಲ್ಲ. ಹನುಮಂತಜ್ಜನ ಹಣೆಯ ಮೇಲೆ ಆ ದಿನದ ಗಾಯದ ಗುರುತು ಇತ್ತು. ಅದನ್ನು ಮುಟ್ಟಿ ನೋಡಲು ನಾವು ಪೈಪೋಟಿ ನಡೆಸುತ್ತಿದ್ದೆವು. ಅಂಥ ನಡಿಗೆ ನಡೆದ ಮನುಷ್ಯ ತನ್ನ ಕೇರಿಗೆ ಮರಳಿ, ತನ್ನದೊಂದು ಕಟ್ಟೆ ಕಟ್ಟಿಸಿ, ತನ್ನ ಅಕ್ಕತಂಗಿಯರ ಕಾಲು ನೋಡುತ್ತ ಕುಳಿತನಲ್ಲ! ಅವಮಾನವೆಂದರೇನೆಂದು ಅಂಗಾಲಿನಿಂದ ಬಲ್ಲವನಿಗೇ ಅದನ್ನು ಇನ್ನೊಬ್ಬರ ಅಂಗಾಲಿಗೆ ದಾಟಿಸಲು ಮನಸ್ಸು ಹೇಗೆ ಬಂತು ಎಂಬ ಪ್ರಶ್ನೆಗೆ ಕಾಲೇಜಿನ ಚರ್ಚಾಕೂಟಗಳಲ್ಲಿ ಕಲಿತ ಯಾವ ತರ್ಕದಿಂದಲೂ ನನಗೆ ಉತ್ತರ ಸಿಕ್ಕಿಲ್ಲ.

ದುರುಗತ್ತೆ ಮಾತ್ರ ಕಳಚುತ್ತಿರಲಿಲ್ಲ. ಕಟ್ಟೆಯ ಮೇಲಿನವರು ಕೆಮ್ಮಿ ಸದ್ದು ಮಾಡುತ್ತಿದ್ದರು, ಗಂಡುಬೀರಿ ಎನ್ನುತ್ತಿದ್ದರು. ಒಮ್ಮೆ ನಾನು ಅವಳ ಜೊತೆಗಿದ್ದಾಗ ಹನುಮಂತಜ್ಜ ಕೂಗಿ ಹೇಳಿದ, “ಏನ್ ದುರುಗಿ, ನಿನ್ನ ಕೆರದ ಸಪ್ಪಳಕ್ಕ ನನ್ನ ನಿದ್ದಿ ಹಾರಿ ಹೋತು.” ಅತ್ತೆ ನಿಂತಳು. ಕೆರವೆಂದರೆ ನಮ್ಮ ಕಡೆ ಮೆಟ್ಟು. “ಹನುಮಂತಣ್ಣ, ಹಗಲೊತ್ತಿನಾಗ ಮಕ್ಕಂಬೋದು ನಿನ್ನ ತಪ್ಪು,” ಎಂದಳು. “ಗೌಡ್ರ ಕಟ್ಟಿ ಮುಂದ ನೀ ನಡೆದ ದಿನ ನಿಮ್ಮ ಹಿಂದ ಬುತ್ತಿಗಂಟು ಹೊತ್ತಕಂಡು ಬಂದಾಕಿ ನಾನು. ಅವತ್ತು ನನ್ನ ಕಾಲಾಗೂ ಕೆರ ಇದ್ವು. ಮರತೇನು?” ಕಟ್ಟೆಯ ಮೇಲೆ ಒಬ್ಬಿಬ್ಬರು ನಕ್ಕರು. ಹನುಮಂತಜ್ಜ ನಗಲಿಲ್ಲ. ಅವಳ ಮೆಟ್ಟಿಗಿಂತ ಅವಳ ನೆನಪು ಅವನಿಗೆ ಹೆಚ್ಚು ಚುಚ್ಚಿರಬೇಕು.

ಅಂಥವಳನ್ನು ಬೈದು ಬಗ್ಗಿಸಲಾಗದೆಂದು ಅವರಿಗೆ ಗೊತ್ತಿತ್ತು. ಅವಳ ಪ್ರೀತಿ ಎಲ್ಲಿದೆಯೆಂಬುದೂ ಗೊತ್ತಿತ್ತು. ಸುಜಾತಕ್ಕನಿಗೆ ತೆಲಿಗಿಯಿಂದ ಒಂದು ಸಂಬಂಧ ಬಂತು. ಹುಡುಗ ಶಾಲೆಯ ಮಾಸ್ತರ; ಅಕ್ಕನಿಗೆ ಓದು ಮುಂದುವರಿಸುವ ಆಸೆಯಿತ್ತು, ಅವನು ಓದಿಸುತ್ತೇನೆಂದಿದ್ದ. ಅಂಥ ಮಾತನ್ನು ಆಡುವ ಗಂಡು ಆ ಕಾಲದಲ್ಲಿ ಅಪರೂಪ. ಅತ್ತೆಯ ಸಂತೋಷಕ್ಕೆ ಮಿತಿಯಿರಲಿಲ್ಲ. ನಮ್ಮ ಕೇರಿಯ ಪದ್ಧತಿಯಂತೆ, ಬೀಗರು ಮನೆ ನೋಡಲು ಬರುವ ದಿನ ಮನೆಯ ಹಿರಿಯ ಹೆಣ್ಣುಮಗಳೇ ಬಸ್ಸು ನಿಲ್ಲುವಲ್ಲಿಗೆ ಹೋಗಿ ಅವರನ್ನು ಕರೆದು ತರಬೇಕು. ಆ ದಿನದ ಹಿಂದಿನ ಸಂಜೆ ಹನುಮಂತಜ್ಜ ಅಪ್ಪನನ್ನು ಕಟ್ಟೆಗೆ ಕರೆಸಿದ. ಬೀಗರ ಎದುರಿಗೆ ಕೇರಿಯ ಮಾನ ಉಳಿಯಬೇಕು, ಇಂಥ ಹೆಣ್ಣಿರುವ ಮನೆಯಿಂದ ಯಾರು ಸೊಸೆಯನ್ನು ತಂದುಕೊಂಡಾರು ಎಂದನಂತೆ. ಅಪ್ಪ ಬಂದು ಪಡಸಾಲೆಯಲ್ಲಿ ಬಹಳ ಹೊತ್ತು ಕೂರುತ್ತ ಏಳುತ್ತ ಇದ್ದರು. ಅವರು ಕೆಟ್ಟವರಲ್ಲ, ಮಗಳ ಬಗ್ಗೆ ಹೆದರಿದ ಮನುಷ್ಯ ಅಷ್ಟೆ.

“ಅಕ್ಕಾ, ನಾಳಿ ಒಂದಿನ ಕೆರ ಕೈಯಾಗ ಹಿಡ್ಕಂಡು ಬರ್ತಿಯೇನು?” ಎಂದು ಕೊನೆಗೆ ಕೇಳಿದರು.

ಅತ್ತೆ ಮೆಟ್ಟಿಗೆ ಎಣ್ಣೆ ತೀಡುತ್ತಿದ್ದಳು. ಕೈ ನಿಲ್ಲಲಿಲ್ಲ. “ಲೇ ತಮ್ಮ, ಇದನ್ನ ಕೇಳಾಕ ಇಷ್ಟೊತ್ತು ಬೇಕಾತೇನು? ಹಣಿ ಎಲ್ಲಾ ಬೆವತೈತಿ ನೋಡು,” ಎಂದಳು. ಆಮೇಲೆ ಒಳಗಿನ ಕತ್ತಲೆಯಲ್ಲಿ ನಿಂತಿದ್ದ ಸುಜಾತಕ್ಕನ ಕಡೆ ನೋಡಿ, “ಈ ಹುಡುಗಿ ಓದಿಗಿಂತ ದೊಡ್ಡದಾ ನನ್ನ ಕೆರ?” ಎಂದಳು. ಅಕ್ಕ ಬೇಡವೆಂದು ತಲೆಯಾಡಿಸಿದಳು. ಅತ್ತೆ ಅದನ್ನು ಕಾಣದವಳಂತೆ ಎಣ್ಣೆಯ ಬಟ್ಟಲು ಎತ್ತಿಟ್ಟಳು.

ಮರುದಿನ ಬಿಸಿಲು ಏರಿದ ಮೇಲೆ ತೆಲಿಗಿಯವರು ಬಂದಿಳಿದರು. ನಾನೂ ಅತ್ತೆಯ ಜೊತೆ ಹೋಗಿದ್ದೆ. ಹುಡುಗನ ತಾಯಿ ಮಾತುಗಾತಿ, ತುಂಬು ಮೈಯ ಹೆಂಗಸು. ಅವರ ಜೊತೆ ಇನ್ನೂ ಕೆಲವು ಹೆಣ್ಣುಮಕ್ಕಳು. ಎಲ್ಲರೂ ಹಾದಿಯುದ್ದ ನಗುತ್ತ, ಧೂಳೆಬ್ಬಿಸುತ್ತ ನಡೆದರು. ಕಟ್ಟೆ ಬಂತು. ಅತ್ತೆ ಬಗ್ಗಿ, ಒಂದೊಂದಾಗಿ ಮೆಟ್ಟು ಕಳಚಿ, ಕೈಗೆ ತೆಗೆದುಕೊಂಡಳು. ಬೀಗರ ಹೆಂಗಸರು ಕಳಚಲಿಲ್ಲ. ಕಳಚಬೇಕೆಂದು ಅವರಿಗೆ ಗೊತ್ತೇ ಇರಲಿಲ್ಲ. ಅವರ ರಬ್ಬರು ಚಪ್ಪಲಿಗಳು ಪಟಪಟ ಎನ್ನುತ್ತ ಹನುಮಂತಜ್ಜನ ಮೂಗಿನ ಕೆಳಗೇ ಸಾಗಿದವು. ಹೆಣ್ಣಿನ ಕಾಲಿನ ಸಪ್ಪಳಕ್ಕೆ ನಿದ್ದೆ ಕೆಡುತ್ತಿದ್ದ ಅವನು ಎದ್ದು ನಿಂತು ಕೈಮುಗಿದು, “ಬರ್ರಿ, ಬರ್ರಿ, ಆರಾಮ ಅದೀರೇನ್ರಿ,” ಎಂದ.

ಹುಡುಗನ ತಾಯಿ ಅತ್ತೆಯ ಕಾಲು ನೋಡಿದರು. “ಯಾಕ್ರಿ ಯವ್ವಾ, ಕೆರ ಯಾಕ ತಗದ್ರಿ? ಕಾಲಿಗೇನರ ಚುಚ್ಚೇತೇನು?”

“ಹೂನವ್ವ, ಒಂದು ಮುಳ್ಳು,” ಎಂದಳು ಅತ್ತೆ. “ಹಳೇದು.”

“ಹಂಗಂತ ಬರಿಗಾಲಾಗ ಬರ್ತಾರೇನ್ರಿ, ನೆಲ ಕಾದ ಹಂಚಾಗೈತಿ. ಹಾಕ್ಕೊಳ್ರಿ,” ಎಂದು ಆ ತಾಯಿ ಕಳಕಳಿಯಿಂದ ಅವಳ ರಟ್ಟೆ ಹಿಡಿದರು. ಅತ್ತೆ ನಕ್ಕು ಮುಂದೆ ನಡೆದಳು. ನಾವು ಕಟ್ಟೆ ದಾಟಿದ ಮೇಲೆ ಹಿಂದಿನಿಂದ ಹನುಮಂತಜ್ಜನ ಮಾತು ನನ್ನ ಕಿವಿಗೆ ಬಿತ್ತು: “ಇವತ್ತು ಹೆಂಗಸಾದ್ಲು ನೋಡ್ರಿ ದುರುಗಿ.”

ಸಂಬಂಧ ಕೂಡಿತು. ಮರುದಿನ ಬೆಳಗ್ಗೆ ಅತ್ತೆ ಎಂದಿನಂತೆ ಮೆಟ್ಟಿಕೊಂಡು ಹೊಲಕ್ಕೆ ಹೊರಟಾಗ ಕಟ್ಟೆಯ ಮೇಲಿನವರು ಅಡ್ಡ ನಿಂತರು. ನಿನ್ನೆ ತೆಗೆದವಳಿಗೆ ಇವತ್ತೇನಾಗಿದೆ ಎಂಬುದು ಅವರ ಪ್ರಶ್ನೆ. “ಮದಿವಿ ಇನ್ನೂ ಆಗಬೇಕೈತಿ ದುರುಗಿ,” ಎಂದ ಹನುಮಂತಜ್ಜ, ಮೆಲ್ಲಗೆ, ಬುದ್ಧಿ ಹೇಳುವವನ ಹಾಗೆ. “ತೆಲಿಗಿಗೆ ಬಸ್ಸು ದಿನಾ ಹೋಗತಾವು. ಮಾತೂ ಬಸ್ ಹತ್ತತಾವು.” ಪ್ರೀತಿಯಿಂದ ಒಮ್ಮೆ ಬಗ್ಗಿದ್ದನ್ನು ಹಕ್ಕಾಗಿ ಬರೆದುಕೊಳ್ಳುವವರ ಜೊತೆ ವಾದ ಹೇಗೆ ಮಾಡುವುದು? ಬಲವಿರುವ ಹೆಣ್ಣನ್ನು ಎದುರಿನಿಂದ ಸೋಲಿಸಲಾರದ ಸಮಾಜ ಅವಳ ಮನೆಯ ಹೆಣ್ಣುಮಗುವಿನ ಹಿಂದೆ ಅಡಗಿ ನಿಂತು ಕಲ್ಲು ಬೀಸುತ್ತದೆ. ಅತ್ತೆ ತಿರುಗಿದಳು. ಹಿತ್ತಲಿನಿಂದ ಇಳಿದು, ಹುಣಸೆಮರಗಳ ಆಚೆಯ ಸುತ್ತುಹಾದಿ ಹಿಡಿದು ಹೊಲಕ್ಕೆ ಹೋದಳು. ಕೆಲವು ದಿನಗಳಲ್ಲಿ ಹೊಲದ ಗುಡಿಸಲಿಗೇ ಹಾಸಿಗೆ ಸಾಗಿಸಿದಳು. ಮದುವೆ ಮುಗಿಯಿತು, ಮಾತು ಕೊಟ್ಟಂತೆ ಆ ಮನೆಯವರು ಅಕ್ಕನನ್ನು ಓದಿಸಿದರು. ಇನ್ನೇನು ಭಯವೆಂದು ಅಪ್ಪ ಎಷ್ಟು ಕರೆದರೂ ಅತ್ತೆ ಓಣಿಗೆ ಮರಳಲಿಲ್ಲ. “ಕೆರ ಬಿಟ್ಟು ನಡೆದ ಹಾದ್ಯಾಗ ಕೆರ ಮೆಟ್ಟಿ ನಡೆದ್ರ ಸುಖ ಇರಂಗಿಲ್ಲ ತಮ್ಮ,” ಎಂದಳು. ಗೂಟ ಬರಿದಾಯಿತು. ಸಂಜೆಗಳಲ್ಲಿ ಹಂಚಿಡುವ ಹೊತ್ತು ಅವ್ವನಿಗೆ ತಪ್ಪತೊಡಗಿತು.

ನಾನು ಹರಪನಹಳ್ಳಿಯಲ್ಲಿ ಕಾಲೇಜು ಓದುತ್ತಿದ್ದಾಗ ದುರುಗತ್ತೆ ಜ್ವರ ಬಂದು ಆ ಗುಡಿಸಲಿನಲ್ಲೇ ತೀರಿಕೊಂಡಳು. ಮನೆಗೆ ತಂದು ಅಂಗಳದಲ್ಲಿ ಕೂರಿಸಿದರು. ಹೆಣವೆತ್ತುವ ಮುನ್ನ, ತೆಲಿಗಿಯಿಂದ ಬಂದಿದ್ದ ಸುಜಾತಕ್ಕ ಜನರ ನಡುವೆ ದಾರಿ ಮಾಡಿಕೊಂಡು ಹೋಗಿ, ಅತ್ತೆಯ ಕಾಲಿಗೆ ಆ ಮೆಟ್ಟು ಹಾಕಿದಳು. ಹೆಬ್ಬೆರಳನ್ನು ಉಂಗುರಕ್ಕೆ ತೂರಿಸಲು ಅವಳಿಗೆ ಬಹಳ ಹೊತ್ತು ಹಿಡಿಯಿತು. ಯಾರೋ ಗೊಣಗಿದರು, ಅಪ್ಪ ಅವರ ಕಡೆ ತಿರುಗಿ ನೋಡಿದ ಮೇಲೆ ಸುಮ್ಮನಾದರು. ಕಟ್ಟೆಯ ಮುಂದೆ ಹಾಯುವಾಗ, ಸತ್ತವರಿಗೆ ಸಲ್ಲುವ ಮರ್ಯಾದೆಯೆಂದು ಎಲ್ಲರೂ ಎದ್ದು ನಿಂತರು. ಹನುಮಂತಜ್ಜನ ಕಣ್ಣು ಆ ಕಾಲುಗಳ ಮೇಲೆ ಬಿತ್ತು. ಹೆಣಕ್ಕೆ ಕಳಚು ಎನ್ನಲು ಬರುವುದಿಲ್ಲ. “ಗಂಡಸಿನಂಥಾ ಹೆಣ್ಮಗಳು ಬಿಡ್ರಿ,” ಎಂದು ಕಣ್ಣೊರೆಸಿಕೊಂಡ. ಅವನ ಕಣ್ಣೀರು ನಿಜವಿರಬಹುದು. ಆದರೂ ಆ ಹೊಗಳಿಕೆ ನನಗೆ ಬೈಗುಳಕ್ಕಿಂತ ಕಹಿಯೆನಿಸಿತು. ಬಗ್ಗಿದ ದಿನ ಅವಳು ಹೆಂಗಸಾಗಿದ್ದಳು. ಬಗ್ಗದೆ ಬಾಳಿದ್ದಕ್ಕೆ ಗಂಡಸಾದಳು. ನೆಟ್ಟಗೆ ನಡೆಯುವ ಹೆಂಗಸೊಬ್ಬಳು ಈ ಭೂಮಿಯ ಮೇಲೆ ಇರಬಹುದೆಂದು ಒಪ್ಪುವುದಕ್ಕೆ ಅವರಿಗೆ ಅವಳ ಹೆಣದ ಮುಂದೆಯೂ ಆಗಲಿಲ್ಲ. ಮೆಟ್ಟಿಕೊಂಡೇ ಆ ಕಟ್ಟೆಯನ್ನು ಅವಳು ಕಡೆಯ ಸಲ ದಾಟಿದಳು. ಸಪ್ಪಳವೊಂದೇ ಇರಲಿಲ್ಲ.

ಕೊಟ್ಟೂರಿನಲ್ಲಿ ಆ ವಾಸನೆ ಕುಡಿದ ದಿನವೇ ನಾನು ಊರಿಗೆ ಹೋದೆ. ಹನುಮಂತಜ್ಜ ಎಂದೋ ಇಲ್ಲವಾಗಿದ್ದಾನೆ. ಕಟ್ಟೆಗೆ ಈಗ ಬಣ್ಣದ ಟೈಲ್ಸ್ ಹಾಕಿದ್ದಾರೆ. ಮೇಲೆ ಕುಳಿತ ಹುಡುಗರು ಮೊಬೈಲ್ ನೋಡುತ್ತಿದ್ದರು. ನಾನು ಬಸ್ಸಿಳಿದು ಬರುವಾಗ ತಮ್ಮನ ಮಗಳು ಕಾವ್ಯಾ ಹಿಂದಿನಿಂದ ಸ್ಕೂಟಿಯಲ್ಲಿ ಬಂದಳು. ಕೂಡ್ಲಿಗಿಯ ಆಸ್ಪತ್ರೆಯಲ್ಲಿ ನರ್ಸು. ಸ್ಕೂಟಿ ಅವಳ ಸ್ವಂತ ಸಂಬಳದ್ದು. ಕಟ್ಟೆ ಹತ್ತಿರವಾಗುತ್ತಲೇ ಎಂಜಿನ್ ನಿಲ್ಲಿಸಿ, ಇಳಿದು, ಗಾಡಿಯನ್ನು ತಳ್ಳತೊಡಗಿದಳು. ಪೆಟ್ರೋಲು ಮುಗಿಯಿತೇ ಎಂದೆ.

“ಇಲ್ಲತ್ತಿ. ಕಟ್ಟಿ ಮುಂದ ಹತ್ತಿಕಂಡು ಹೋಗಂಗಿಲ್ಲ.”

“ಯಾರು ಹೇಳಿದ್ರು ನಿನಗ?”

“ಯಾರೂ ಹೇಳಿಲ್ಲ.” ಅವಳು ನಕ್ಕಳು. “ಯಾಕ ಬೇಕು ಸುಮ್ನ.”

ಹುಡುಗರು ತಲೆಯೆತ್ತಿಯೂ ನೋಡಲಿಲ್ಲ. ನೋಡುವ ಅಗತ್ಯವೂ ಅವರಿಗೆ ಉಳಿದಿರಲಿಲ್ಲ. ದುರುಗತ್ತೆಯ ಕಥೆಯನ್ನು ಅವಳಿಗೆ ಎಲ್ಲಿಂದ ಶುರುಮಾಡಿ ಹೇಳಲಿ ಎಂದು ಯೋಚಿಸುತ್ತ ಗಾಡಿಯ ಹಿಂಬದಿಗೆ ನಾನೂ ಕೈ ಕೊಟ್ಟು ನಡೆದೆ, ಕಾಲಿನದನ್ನು ಕಳಚದೆ. ಎಂಜಿನ್ ನಿಂತ ಓಣಿ ಬಹಳ ಮೌನವಾಗಿತ್ತು. ಬೇವಿನ ಮರದ ಕೆಳಗೆ ಕಿವಿಗೊಟ್ಟು ಕೇಳಿದೆ. ಟೈರು ಮಣ್ಣನ್ನು ಒತ್ತುವ ಮೆತ್ತನೆಯ ಸದ್ದೊಂದೇ ನಮ್ಮ ಜೊತೆಗೆ ಬರುತ್ತಿತ್ತು.