ಗಿರಣಿ ಅಕ್ಕ ಬಾವಿಗೆ ಇಳಿದದ್ದು

ಅಳವಂಡಿಯ ನಮ್ಮ ಓಣಿಯಲ್ಲಿ ಹಿಟ್ಟಿನ ಗಿರಣಿ ನಡೆಸುತ್ತಿದ್ದಾಕೆ ಎಲ್ಲರಿಗೂ ಅಕ್ಕ. ಆಕೆಗೆ ಒಂದು ಕೆಟ್ಟ ಚಟವಿತ್ತು: ಬಾರದ್ದನ್ನು ಕಲಿಯುವುದು. ಒಂದು ವರ್ಷ ಸೈಕಲ್, ಇನ್ನೊಂದು ವರ್ಷ ಭಜನೆಯವರ ಹಾರ್ಮೋನಿಯಂ. ಯಾರಾದರೂ ನಕ್ಕರೆ ಸೆರಗಿನಿಂದ ಮುಖದ ಹಿಟ್ಟು ಒರೆಸಿಕೊಂಡು, "ಮಾಡಿ ನೋಡಿದ್ರ ಏನ್ ಹೋಗತೈತ್ರಿ?" ಎನ್ನುತ್ತಿದ್ದಳು.

ಐವತ್ತು ದಾಟಿದ ಮೇಲೆ ಈಜು ಕಲಿಯಲು ತಮ್ಮ ಹೊಲದ ಬಾವಿಗೆ ಇಳಿದಳು. ಮೈಮೇಲೆ ಗಂಡನ ಅಂಗಿ, ಬೆನ್ನಿಗೆ ಖಾಲಿ ಎಣ್ಣೆ ಡಬ್ಬಿ. ಹಗ್ಗ ಹಿಡಿದು ಗಂಡ ಮೇಲೆ ನಿಂತಿದ್ದ. ಊರಿನ ಈಜು ಪಂಡಿತರೆಲ್ಲ ಬಾವಿಯ ಸುತ್ತ ನೆರೆದೆವು. 'ಕಲಿಕೆಗೆ ವಯಸ್ಸಿಲ್ಲ' ಎಂದು ಮೂವತ್ತು ವರ್ಷ ಮಕ್ಕಳಿಂದ ಕಾಪಿ ಬರೆಸಿದ ಮಾಸ್ತರ ನಾನು. ಕಾಲು ಹೀಗೆ ಬಡಿ, ಕೈ ಹಾಗೆ ಚಾಚು ಎಂದು ದಂಡೆಯಿಂದಲೇ ಪಾಠ ಮಾಡಿದೆ. ನಾನು ಮೊಣಕಾಲುದ್ದದ ನೀರನ್ನೂ ದಾಟಿದವನಲ್ಲ ಎಂಬುದನ್ನು ಯಾರೂ ಕೇಳಲಿಲ್ಲ, ನಾನೂ ಹೇಳಲಿಲ್ಲ.

ಹದಿನೈದು ದಿನ ನೀರು ಕುಡಿದವಳು ಹದಿನಾರನೇ ದಿನ ಡಬ್ಬಿ ಬಿಚ್ಚಿಟ್ಟು ಆಚೆ ಗೋಡೆ ಮುಟ್ಟಿ ಬಂದಳು. ಪಾಪ, ಆಡಿಕೊಳ್ಳಲು ನಮಗೆ ಏನೂ ಉಳಿಯಲಿಲ್ಲ.

"ಮಾಸ್ತರ್ರ, ಭಾಳ ಛಲೋ ಹೇಳಿಕೊಟ್ರಿ. ಈಗ ನೀವೂ ಬರ್ರಿ."

"ನೆಗಡಿ ಆಗೇತವಾ," ಎಂದೆ.

ಆಕೆ ಮೆಟ್ಟಿಲು ಹತ್ತಿ ಹತ್ತಿರ ಬಂದು, ನನಗೊಬ್ಬನಿಗೇ ಕೇಳುವಂತೆ ಹೇಳಿದಳು: "ಅಂಜಿಕಿ ಆಗೇತಿ ಅನ್ರಿ. ಮೊದಲ್ನೇ ದಿನ ನೀವೆಲ್ಲಾ ಹೋದ ಮ್ಯಾಲ ನಾನೂ ಇಲ್ಲೇ ಕುಂತು ಅತ್ತೀನಿ."

ಅಂಗಿ ಬಿಚ್ಚಿದೆ. ಆಕೆಯ ಕೈ ಹಿಡಿದು ಒಂದೊಂದೇ ಮೆಟ್ಟಿಲು ಇಳಿದೆ. ನೀರು ಎದೆಗೆ ಬಂದಾಗ ಕೂಗಿದೆ, ಮುಳುಗಿದೆ, ಕೆಮ್ಮುತ್ತಾ ಎದ್ದೆ. ಮೇಲೆ ಎಲ್ಲರೂ ನಗುತ್ತಿದ್ದರು. ಎಲ್ಲರಿಗಿಂತ ಜೋರಾಗಿ ನಾನೇ ನಗುತ್ತಿದ್ದೆ.